ಇಪ್ಪೆಗುಡ್ಡವನ್ನು ಮೂರು ಚುಕ್ಕೆಯಲ್ಲಿ ಅಳೆದವರಿಗೆ

ಅರಣ್ಯ ಇಂಗಾಲ ಅಂದಾಜು ಕೋಶದ ಮಾನ್ಯ ಮುಖ್ಯಸ್ಥರೇ,

ನಮ್ಮೂರಿನ ಇಪ್ಪೆಗುಡ್ಡ ಕಾಡೇ ಅಲ್ಲ ಎಂದು ನೀವು ತೀರ್ಪು ಕೊಟ್ಟಿದ್ದೀರಿ. ಕೊಟ್ಟಿದ್ದು ಒಂದು ಕೋಷ್ಟಕದಲ್ಲಿ, ಹದಿನೇಳನೆಯ ಸಾಲಿನಲ್ಲಿ. ‘ಇಂಗಾಲ ಹೀರುವ ಸಾಮರ್ಥ್ಯ: ಅತ್ಯಲ್ಪ. ಶಿಫಾರಸು: ಈಗಿರುವ ಕುರುಚಲು ಸಸ್ಯವರ್ಗವನ್ನು ತೆರವುಗೊಳಿಸಿ ಶೀಘ್ರವಾಗಿ ಬೆಳೆಯುವ ತಳಿಗಳ ನೆಡುತೋಪು.’ ಅಷ್ಟೇ. ನಾಲ್ಕುನೂರ ಹನ್ನೆರಡು ಎಕರೆ ಕಾಡಿಗೆ ನೀವು ಖರ್ಚು ಮಾಡಿದ್ದು ಒಂದೂವರೆ ಸಾಲು. ಜನವರಿಯಲ್ಲಿ ಜೆಸಿಬಿ ಬರುತ್ತದೆಂದು ನಮ್ಮೂರು ಕೊಹಿನೂರಿನ ಪಂಚಾಯಿತಿ ಗೋಡೆಗೆ ನೋಟೀಸು ಅಂಟಿಸಿದ್ದಾರೆ. ಆ ಗುಡ್ಡಕ್ಕೆ ಜೆಸಿಬಿ ಹತ್ತಲು ನಾವು ಬಿಡುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ನನ್ನ ಭಾಷೆ ಅಲ್ಲಲ್ಲಿ ಮರ್ಯಾದೆಯಿಂದ ಇದ್ದರೆ ಅದನ್ನು ನೀವು ಒಪ್ಪಿಗೆ ಎಂದು ತಿಳಿಯಬಾರದು.

ನಾನು ಹುಮನಾಬಾದಿನ ಪ್ರೌಢಶಾಲೆಯೊಂದರಲ್ಲಿ ಮೂವತ್ತು ವರ್ಷ ಗಣಿತ ಕಲಿಸಿ ನಿವೃತ್ತಳಾದವಳು. ಈಗ ಬಸವಕಲ್ಯಾಣ ತಾಲ್ಲೂಕಿನ ಕೊಹಿನೂರಿನಲ್ಲಿ, ಗಂಡನ ಮನೆಯಲ್ಲಿದ್ದೇನೆ. ಹಳ್ಳಿಯ ಹೆಂಗಸೊಬ್ಬಳು ಉಪಗ್ರಹ, ನಕ್ಷೆ, ಅಂಕಿಅಂಶ ಎಂದರೆ ಹೆದರಿ ಬೈಯುತ್ತಿದ್ದಾಳೆ ಎಂದು ನಿಮ್ಮ ಕಚೇರಿಯ ಯಾರಾದರೂ ನಕ್ಕರೆ, ಅವರಿಗೆ ಇಷ್ಟು ಹೇಳಿ: ಸರಾಸರಿಯನ್ನೂ ಮಾದರಿ ಸಮೀಕ್ಷೆಯನ್ನೂ ಬಯಲುಸೀಮೆಯ ಎರಡು ತಲೆಮಾರಿನ ಮಕ್ಕಳ ತಲೆಗೆ ತುಂಬಿದವಳು ನಾನು. ಕಾಡಿನ ಪ್ರತಿಯೊಂದು ಮರವನ್ನೂ ಅಳೆಯುವುದು ಆಗದ ಮಾತು. ಮೇಲಿನಿಂದ ಚಿತ್ರ ತೆಗೆಯಬೇಕು, ಕೆಳಗೆ ಕೆಲವು ಜಾಗಗಳಲ್ಲಿ ಮರಗಳ ಸುತ್ತಳತೆ ತೆಗೆಯಬೇಕು, ಎರಡನ್ನೂ ಕೂಡಿಸಿ ಇಡೀ ಕಾಡು ಗಾಳಿಯಿಂದ ಎಷ್ಟು ಇಂಗಾಲ ಎಳೆದುಕೊಂಡು ತನ್ನ ಬೊಡ್ಡೆಯಲ್ಲಿ ಇಟ್ಟುಕೊಂಡಿದೆ ಎಂದು ಅಂದಾಜು ಮಾಡಬೇಕು. ವಿಧಾನದ ಮೇಲೆ ನನಗೆ ಎಳ್ಳಷ್ಟೂ ತಕರಾರಿಲ್ಲ. ತಕರಾರಿರುವುದು ಅದನ್ನು ನೀವು ಮಾಡಿದ ರೀತಿಯ ಮೇಲೆ.

ಮೊದಲು ಮೇಲಿನ ಚಿತ್ರದ ಸಂಗತಿ. ನಿಮ್ಮ ವರದಿಯ ಅಡಿಟಿಪ್ಪಣಿಯ ಪ್ರಕಾರ ಆ ಚಿತ್ರ ತೆಗೆದದ್ದು ಮಾರ್ಚ್ ಕೊನೆಯ ವಾರ. ಸ್ವಾಮಿ, ಮಾರ್ಚ್ ಕೊನೆಯ ವಾರದಲ್ಲಿ ನಮ್ಮ ಸಾಗವಾನಿ, ಮುತ್ತಲ, ಕಕ್ಕೆ, ಇಪ್ಪೆ ಯಾವುದರ ಮೈಮೇಲೂ ಎಲೆ ಇರುವುದಿಲ್ಲ. ಇದು ನಾಲ್ಕನೆಯ ತರಗತಿಯ ಪರಿಸರ ಪಾಠ. ಎಲೆ ಉದುರಿದ ಮರ ಸತ್ತ ಮರವಲ್ಲ ಎಂದು ತಿಳಿಯಲು ಉಪಗ್ರಹ ಬೇಕಿಲ್ಲ, ಬಸವಕಲ್ಯಾಣದಿಂದ ಹುಮನಾಬಾದಿಗೆ ಬರುವ ಬಸ್ಸಿನ ಕಿಟಕಿ ಸಾಕು. ನಿಮ್ಮ ನಕ್ಷೆಯಲ್ಲಿ ಇಪ್ಪೆಗುಡ್ಡ ಬೋಳು ಕಂದು ಬಣ್ಣದಲ್ಲಿದೆ. ಅದೇ ನಕ್ಷೆಯಲ್ಲಿ ಹುಮನಾಬಾದಿನ ದಿಕ್ಕಿಗೆ ಕಣ್ಣು ಹಾಯಿಸಿದರೆ ಕಡುಹಸಿರಿನ ದೊಡ್ಡ ದೊಡ್ಡ ಚೌಕಗಳು ಕಾಣುತ್ತವೆ, ಪಕ್ಕದಲ್ಲಿ ‘ದಟ್ಟ ಸಸ್ಯಾವರಣ’ ಎಂದು ವಿವರಣೆ. ನಾನು ಅವುಗಳಲ್ಲಿ ಒಂದನ್ನು ಹುಡುಕಿಕೊಂಡು ಹೋದೆ. ಅದು ಶ್ರೀಮಂತ ಎಂಬ ರೈತರ ಕಬ್ಬಿನ ಗದ್ದೆ. ನಕ್ಷೆ ತೋರಿಸಿ ವಿಷಯ ಹೇಳಿದಾಗ ಅವರು ತಲೆಗೆ ಸುತ್ತಿದ ಟವೆಲ್ ಬಿಚ್ಚಿ ಮುಖ ಒರೆಸಿಕೊಂಡರು. “ಹಂಗಾದ್ರ ಮೇಡಂ, ದೀಪಾವಳಿ ಆದಮ್ಯಾಲೆ ಈ ಕಾಡು ಕಡದು ಫ್ಯಾಕ್ಟರಿಗೆ ಹಾಕ್ತೀನಿ, ಫಾರೆಸ್ಟ್‌ನವ್ರು ನನಗ ಹಿಡೀತಾರೇನ್ರಿ?” ಎಂದು ಕೇಳಿದರು. ಅವರ ಪ್ರಶ್ನೆಯನ್ನು ನಿಮಗೆ ದಾಟಿಸುತ್ತಿದ್ದೇನೆ.

ಹೀಗೆ ಮೇಲಿನ ಚಿತ್ರ ಎಡವಬಹುದು ಎಂಬುದಕ್ಕಾಗಿಯೇ ಕೆಳಗೆ ನೆಲದ ಮೇಲೆ ಅಳೆಯುವ ಕ್ರಮ ಇರುವುದು. ನೀವೂ ಅಳೆಸಿದಿರಿ. ಇಡೀ ಗುಡ್ಡಕ್ಕೆ ಮೂರು ಚುಕ್ಕೆ. ಒಂದೊಂದು ಚುಕ್ಕೆಯ ಸುತ್ತ ಸಾವಿರ ಚದರ ಮೀಟರ್. ಮೂರೂ ಕೂಡಿದರೆ ಒಂದು ಎಕರೆಯೂ ಆಗುವುದಿಲ್ಲ, ಮುಕ್ಕಾಲು ಎಕರೆಗೇ ಮುಗಿಯುತ್ತದೆ. ನಾಲ್ಕುನೂರ ಹನ್ನೆರಡು ಎಕರೆಯ ಹಣೆಬರಹವನ್ನು ಮುಕ್ಕಾಲು ಎಕರೆಯಲ್ಲಿ ಓದಿದಿರಿ. ನನ್ನ ವಿದ್ಯಾರ್ಥಿ ಯಾರಾದರೂ ಪರೀಕ್ಷೆಯಲ್ಲಿ ಹೀಗೆ ಬರೆದಿದ್ದರೆ ಉತ್ತರಪತ್ರಿಕೆಯನ್ನು ಮನೆಗೆ ಕಳಿಸಿ ತಂದೆಯ ಸಹಿ ಹಾಕಿಸಿಕೊಂಡು ಬಾ ಎನ್ನುತ್ತಿದ್ದೆ.

ಆದರೂ ಆ ಮೂರು ಚುಕ್ಕೆಗಳಾದರೂ ತಮ್ಮ ಜಾಗದಲ್ಲಿ ಇದ್ದಿದ್ದರೆ ಗುಡ್ಡ ಇಷ್ಟು ಬಡವಾಗಿ ಕಾಣುತ್ತಿರಲಿಲ್ಲ. ಅವು ತಮ್ಮ ಜಾಗದಲ್ಲಿ ಇರಲಿಲ್ಲ. ಅವನ್ನು ಸರಿಸಿದವರು ನಾವು. ಇದನ್ನು ನಾನು ಜುಲೈನಲ್ಲಿಯೇ ನಿಮಗೆ ಬರೆದು ತಿಳಿಸಿದ್ದೇನೆ, ನೀವು ಓದಿದಂತೆ ಕಾಣುವುದಿಲ್ಲ. ಈಗ ಈ ಬಹಿರಂಗ ಪತ್ರದಲ್ಲಿ ಎಲ್ಲರೆದುರು ಹೇಳುತ್ತೇನೆ, ನಾಚಿಕೆಯಿಂದಲೇ ಹೇಳುತ್ತೇನೆ.

ನಮ್ಮ ಕಡೆ ಮರ ಮಾರುವ ಪದ್ಧತಿ ಹೀಗಿದೆ. ಹೊಲದ ಬದುವಿನ ಬೇವನ್ನೋ ಜಾಲಿಯನ್ನೋ ಮಾರಬೇಕೆಂದರೆ ಕಟ್ಟಿಗೆ ಅಡ್ಡೆಯ ವ್ಯಾಪಾರಿ ಬರುತ್ತಾನೆ, ಮರದ ನಡುವಿಗೆ ಹಗ್ಗ ಸುತ್ತಿ ಅಳೆಯುತ್ತಾನೆ. ಹಗ್ಗ ಸುತ್ತಿದನೆಂದರೆ ಮಾತು ಮುಗಿಯಿತು. ಆ ಹೊತ್ತಿನಿಂದ ಅದು ಕಡಿಯುವ ಮರ. ಯಾರೂ ಅದರ ನೆರಳಿಗೆ ಕೂರುವುದಿಲ್ಲ, ಅದಕ್ಕೆ ಎಮ್ಮೆ ಕಟ್ಟುವುದಿಲ್ಲ, ಅದರ ಕೆಳಗೆ ಬುತ್ತಿ ಬಿಚ್ಚುವುದಿಲ್ಲ. ಮಾರುವ ಮನಸ್ಸಿಲ್ಲದ ಮರವನ್ನು ನಮ್ಮಲ್ಲಿ ಯಾರೂ ಸುಮ್ಮನೆ ಕೂಡ ಅಳೆದು ನೋಡುವುದಿಲ್ಲ. ನಿಮ್ಮ ತಂಡ ಹೋದ ವರ್ಷದ ಡಿಸೆಂಬರಿನಲ್ಲಿ ಟೇಪು ಹಿಡಿದು ಬಂದಾಗ ಊರು ಏನೆಂದು ತಿಳಿಯಬೇಕಿತ್ತು? ಯಾರಾದರೂ ಮುಂಚೆ ಬಂದು ಚಾವಡಿಯಲ್ಲಿ ಕೂತು, ನೋಡ್ರಪ್ಪಾ, ಇದು ಕಡಿಯುವ ಅಳತೆಯಲ್ಲ, ಉಳಿಸುವ ಅಳತೆ ಎಂದು ಎರಡು ಮಾತು ಹೇಳಿದರೇ? ಇಲ್ಲ. ಜೀಪು ಬಂತು, ಟೇಪು ಬಂತು.

ನನ್ನ ಭಾವ ಬಕ್ಕಪ್ಪ ಐವತ್ತು ವರ್ಷದಿಂದ ಆ ಗುಡ್ಡದ ಅಂಚಿನಲ್ಲಿ ಆಡು ಮೇಯಿಸುವವರು. ಜೀಪು ನೋಡಿದವರೇ ಆಡುಗಳನ್ನು ಅಲ್ಲೇ ಬಿಟ್ಟು ನಮ್ಮ ಮನೆಗೆ ಬಂದರು. “ಜಗದೇವಿ, ಗುಡ್ಡಕ್ಕ ಹಗ್ಗ ಹಾಕಾಕ ಬಂದಾರ,” ಎಂದರು. ಅವರು ಹಾಗೆ ಏದುಸಿರು ಬಿಟ್ಟಿದ್ದನ್ನು ನಾನು ಅದಕ್ಕೂ ಮುಂಚೆ ನೋಡಿರಲಿಲ್ಲ. ಅವರ ಹೆದರಿಕೆ ಕಾರಣವಿಲ್ಲದ್ದಲ್ಲ. ನಲವತ್ತು ವರ್ಷದ ಹಿಂದೆ ಪಕ್ಕದ ಸಣ್ಣಗುಡ್ಡಕ್ಕೂ ಹೀಗೇ ಅಳೆಯುವವರು ಬಂದಿದ್ದರು. ಮಾರನೆಯ ವರ್ಷ ಅದನ್ನು ಬೋಳಿಸಿ ನೀಲಗಿರಿ ಹಚ್ಚಿದರು. ಇವತ್ತಿಗೂ ಅಲ್ಲಿ ಒಂದು ಆಡಿಗೆ ಒಂದು ಹೊತ್ತಿನ ಮೇವಿಲ್ಲ. ಮುತ್ತಲ ಎಲೆಯಿಂದ ಊಟದ ಪತ್ರೋಳಿ ಹಚ್ಚಿ ಜೀವನ ಮಾಡುವ ನಮ್ಮ ಓಣಿಯ ಸೂಗಮ್ಮನಂಥವರು ಆ ಕಡೆ ತಿರುಗಿಯೂ ನೋಡುವುದಿಲ್ಲ.

ತಂಡದ ಮುಂದಾಳು ಒವೈಸ್. ನಿಮ್ಮ ಕೋಶದ ಗುತ್ತಿಗೆ ನೌಕರ, ಹುಮನಾಬಾದಿನವನು, ನನ್ನ ವಿದ್ಯಾರ್ಥಿ. ಎಂಟನೆಯ ತರಗತಿಯಿಂದ ಹತ್ತರವರೆಗೆ ಮುಂದಿನ ಬೆಂಚಿನಲ್ಲಿ ಕೂತವನು. ನನ್ನನ್ನು ನೋಡಿ ಖುಷಿಯಿಂದ ಓಡಿಬಂದು ಕೈಯಲ್ಲಿದ್ದ ಯಂತ್ರದಲ್ಲಿ ಮೂರು ಚುಕ್ಕೆ ತೋರಿಸಿದ. ಮೂರೂ ಗುಡ್ಡವನ್ನು ಸೀಳಿಕೊಂಡು ಹೋಗುವ ಮಳೆನೀರಿನ ನಾಲೆಯ ಆಚೆ, ಗುಡ್ಡದ ಹೊಟ್ಟೆಯಲ್ಲಿ, ಇಬ್ಬರು ತಬ್ಬಿದರೂ ಕೈಗೆ ಕೈ ಸಿಗದ ಇಪ್ಪೆ ಮರಗಳಿರುವಲ್ಲಿ ಬಿದ್ದಿದ್ದವು. ಬಕ್ಕಪ್ಪ ಭಾವ ತಕ್ಷಣ ಹೇಳಿದರು, ನಾಲೆ ದಾಟಾಕ ಆಗಂಗಿಲ್ಲ, ಹೆಜ್ಜೇನು ಎದ್ದದ, ಹೋದ ವಾರ ಒಬ್ಬಾಂವನ್ನ ಕಡದು ಮಲಗಿಸ್ಯಾವ ಎಂದು. ಶುದ್ಧ ಸುಳ್ಳು. ನಿಮ್ಮ ಕೈಪಿಡಿಯಲ್ಲಿ, ತಲುಪಲಾಗದ ಚುಕ್ಕೆಯನ್ನು ಹತ್ತಿರದ ತಲುಪಬಹುದಾದ ಜಾಗಕ್ಕೆ ಸರಿಸಬಹುದು ಎಂಬ ನಿಯಮವಿದೆಯಂತೆ. ಒವೈಸ್ ನನ್ನ ಮುಖ ನೋಡಿದ. “ಖರೇನ್ರಿ ಮೇಡಂ? ನೀವು ಹೌದು ಅಂದ್ರ ಹಂಗೇ ಬರೀತೀನಿ,” ಎಂದ.

ಹೌದು ಎಂದೆ.

ಮೂರು ಚುಕ್ಕೆಗಳೂ ಗುಡ್ಡದ ಅಂಚಿಗೆ ಬಂದವು. ಆಡು ಮೇಯುವ, ಉರುವಲು ಒಡೆಯುವ, ಸೀತಾಫಲದ ಗಿಡಗಳ ನಡುವೆ ಅಲ್ಲೊಂದು ಇಲ್ಲೊಂದು ಸಣಕಲು ಮರವಿರುವ ಅಂಚಿಗೆ. ಒವೈಸ್ ಅಲ್ಲಿ ಪ್ರಾಮಾಣಿಕವಾಗಿ ಅಳೆದ. ಮೂರು ಜಾಗ ಸೇರಿ ಮೂವತ್ತೊಂದು ಮರ. ನಾವು ದೊಡ್ಡ ಮರಗಳನ್ನು ಬಚ್ಚಿಟ್ಟೆವೆಂದು ಆ ಸಂಜೆ ಊರಲ್ಲಿ ಚಹಾ ಕುಡಿದು ನಕ್ಕೆವು. ಇನ್ನೊಬ್ಬರಿಗೆ ಸರಾಸರಿ ಕಲಿಸುವ ನನಗೂ ಆಗ ಹೊಳೆಯಲಿಲ್ಲ, ನಾವು ಗುಡ್ಡವನ್ನು ಉಳಿಸಿಲ್ಲ, ಅದರ ವಿರುದ್ಧ ನಾವೇ ಸಾಕ್ಷಿ ಹೇಳಿ ಬಂದಿದ್ದೇವೆ ಎಂದು.

ಈ ಜೂನಿನಲ್ಲಿ ನಿಮ್ಮ ವರದಿಯ ಜೊತೆ ಮೊದಲ ನೋಟೀಸು ಬಂದಾಗ ಹೊಳೆಯಿತು. ಆಕ್ಷೇಪಣೆಗೆ ಮೂವತ್ತು ದಿನ ಕೊಟ್ಟಿದ್ದಿರಿ. ನಾನು ಕೂತು ನಡೆದದ್ದನ್ನೆಲ್ಲ ಬರೆದೆ: ಜೇನಿರಲಿಲ್ಲ, ನಾಲೆಯಲ್ಲಿ ನೀರೂ ಇರಲಿಲ್ಲ, ಚುಕ್ಕೆ ಸರಿಸಲು ನಾವು ಸುಳ್ಳು ಹೇಳಿದೆವು, ಅಳೆದವನ ತಪ್ಪು ಇದರಲ್ಲಿಲ್ಲ, ದಯವಿಟ್ಟು ಮತ್ತೊಮ್ಮೆ ಅಳೆಯಿರಿ. ಆಗಸ್ಟಿನಲ್ಲಿ ನಿಮ್ಮ ಕಚೇರಿಯಿಂದ ಒಂದೇ ತಾರೀಖಿನ ಎರಡು ಪತ್ರ ಹೊರಟವು. ನನಗೆ ಬಂದದ್ದರಲ್ಲಿ, ಸದರಿ ದತ್ತಾಂಶವನ್ನು ಪರಿಶೀಲಿಸಿ ಅಂತಿಮಗೊಳಿಸಲಾಗಿದ್ದು ಮರುಪರಿಶೀಲನೆಯ ಅಗತ್ಯ ಕಂಡುಬಂದಿರುವುದಿಲ್ಲ ಎಂದಿತ್ತು. ಒವೈಸನಿಗೆ ಹೋದದ್ದರಲ್ಲಿ, ಕ್ಷೇತ್ರ ದತ್ತಾಂಶ ಸಂಗ್ರಹದಲ್ಲಿ ಗಂಭೀರ ಲೋಪ ಎಸಗಿರುವ ಕಾರಣ ಗುತ್ತಿಗೆಯನ್ನು ರದ್ದುಪಡಿಸಲಾಗಿದೆ ಎಂದಿತ್ತು. ಮಾನ್ಯರೇ, ಎರಡೂ ಪತ್ರಗಳ ಕೆಳಗೆ ನಿಮ್ಮದೇ ಸಹಿ. ಅವನು ತಂದ ಅಂಕಿ ಸರಿಯಿದ್ದರೆ ಅವನನ್ನು ಯಾಕೆ ತೆಗೆದಿರಿ? ಅಂಕಿ ತಪ್ಪಿದ್ದರೆ ಗುಡ್ಡವನ್ನು ಯಾಕೆ ತೆಗೆಯುತ್ತೀರಿ? ಸಹಿ ಹಾಕುವಾಗ ಒಂದು ಪತ್ರದಿಂದ ಇನ್ನೊಂದಕ್ಕೆ ನಿಮ್ಮ ಕೈ ಹೋಗಲು ಎಷ್ಟು ಹೊತ್ತು ಬೇಕಾಯಿತು?

ನಾನು ಹುಮನಾಬಾದಿಗೆ ಹೋಗಿ ಒವೈಸನ ಮನೆಯ ಬಾಗಿಲು ತಟ್ಟಿದೆ. ಅವನ ತಾಯಿ ಗೌಹರ ಬೇಗಂ ಕುರ್ಚಿ ಹಾಕಿ, ಚಹಾ ಕೊಟ್ಟರು. ಬೈದಿದ್ದರೆ ಸಲೀಸಾಗುತ್ತಿತ್ತು. ಒವೈಸ್ ಬಂದವನು ನೆಲ ನೋಡುತ್ತ ನಿಂತ. ನಾನು ಕ್ಷಮೆ ಕೇಳಿದೆ. ಅವನೆಂದ, “ಮಾದರಿ ಕೆಟ್ಟಿತಂದ್ರ ಸರಾಸರಿ ಸುಳ್ಳು ಹೇಳ್ತದ ಅಂತ ನೀವೇ ಕಲಿಸಿದ್ರಿ ಮೇಡಂ. ನಾ ಆ ಯಂತ್ರದ ಮಾತು ಬಿಟ್ಟು ನಿಮ್ಮ ಮಾತು ಕೇಳಿದೆ.” ಮೂವತ್ತು ವರ್ಷದ ನೌಕರಿಯಲ್ಲಿ ನನಗೆ ಯಾವ ಮೇಲಧಿಕಾರಿಯೂ ಇಂಥ ಮೆಮೊ ಕೊಟ್ಟಿರಲಿಲ್ಲ. ವಾಪಸು ಬರುವಾಗ ಬಸ್ಸಿನಲ್ಲಿ ಅತ್ತೆ. ಅದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ.

ಮಾರನೆಯ ದಿನ ಊರವರನ್ನು ಕೂಡಿಸಿ, ಕೋಶದವರು ಮತ್ತೆ ಅಳೆಯದಿದ್ದರೆ ನಾವೇ ಅಳೆಯೋಣ ಎಂದೆ. ಗುಡ್ಡದ ನಕ್ಷೆಯ ಮೇಲೆ ಚೌಕ ಎಳೆದು, ಚೌಕಗಳ ಸಂಖ್ಯೆಗಳನ್ನು ಚೀಟಿಯಲ್ಲಿ ಬರೆದು ಕೊಡದೊಳಗೆ ಹಾಕಿ, ಅಂಗನವಾಡಿಯ ಮಗು ಪೂನಂ ಕೈಯಿಂದ ಇಪ್ಪತ್ತು ಚೀಟಿ ಎತ್ತಿಸಿದೆವು. ಎಲ್ಲಿ ಬರುತ್ತದೋ ಅಲ್ಲೇ ಅಳತೆ. ಮುಳ್ಳಿರಲಿ, ಬಂಡೆಯಿರಲಿ. ನಿಮ್ಮ ಕೈಪಿಡಿಯ ಪ್ರಕಾರವೇ ಸಾವಿರ ಚದರ ಮೀಟರಿನ ವೃತ್ತ, ಹದಿನೆಂಟು ಮೀಟರಿಗೆ ತುಸು ಕಡಿಮೆ ಹಗ್ಗ. ಎಲ್ಲ ಸರಿ, ಆದರೆ ಮೊದಲ ಮರಕ್ಕೆ ಟೇಪು ಸುತ್ತುವವರು ಯಾರು? ಯಾರೂ ಮುಂದೆ ಬರಲಿಲ್ಲ. ಇಪ್ಪತ್ತು ಜನ ಇಪ್ಪೆಯ ಮರವೊಂದರ ಸುತ್ತ ಹೆಣದ ಮನೆಯ ಮುಂದೆ ನಿಂತ ಹಾಗೆ ನಿಂತಿದ್ದರು. ಕೊನೆಗೆ ಬಕ್ಕಪ್ಪ ಭಾವ ನನ್ನ ಕೈಯಿಂದ ಟೇಪು ಇಸಿದುಕೊಂಡರು. ಸುತ್ತಿದರು, ಅಂಕಿ ಹೇಳಿದರು, ಟೇಪು ಬಿಚ್ಚಿದರು. ಆಮೇಲೆ ಅದೇ ಮರದ ಬುಡದಲ್ಲಿ ಬೆನ್ನು ಆನಿಸಿ ಕೂತು, ಬುತ್ತಿ ಬಿಚ್ಚಿ, ಎಲ್ಲರೂ ನೋಡುತ್ತಿದ್ದಂತೆ ರೊಟ್ಟಿ ಮುರಿದರು. “ಇದು ಮಾರೋ ಹಗ್ಗ ಅಲ್ಲ. ಬರ್ರಿ, ಕೂಡ್ರಿ,” ಎಂದರು. ಸೂಗಮ್ಮ ಹೋಗಿ ಪಕ್ಕದಲ್ಲಿ ಕೂತಳು. ಅಲ್ಲಿಂದ ಕೆಲಸ ನಡೆಯಿತು.

ಹನ್ನೊಂದು ದಿನ ಅಳೆದೆವು. ಮೂರನೆಯ ದಿನ ಒವೈಸ್ ಯಾರೂ ಕರೆಯದೆ ಬಂದು, ಟೇಪನ್ನು ಎದೆಮಟ್ಟದಲ್ಲಿ, ಒಂದು ಮೀಟರ್ ಮೂವತ್ತೇಳು ಸೆಂಟಿಮೀಟರಿನ ಎತ್ತರದಲ್ಲಿಯೇ ಹಿಡಿಯಬೇಕೆಂದು ತೋರಿಸಿಕೊಟ್ಟ. ಹಿಂದಿನ ಎರಡು ದಿನದ ಅಳತೆ ಅಷ್ಟನ್ನೂ ಮತ್ತೆ ಮಾಡಿಸಿದ. ಎರಡು ಚೀಟಿ ಬರೀ ಬಂಡೆಯ ಮೇಲೆ ಬಿದ್ದವು. ಹತ್ತು ಹೆಜ್ಜೆ ಆಚೆಗೆ ಒಳ್ಳೆಯ ಸಾಗವಾನಿಯ ಗುಂಪು. ಸೂಗಮ್ಮ ನನ್ನ ಸೆರಗು ಜಗ್ಗಿ, ಮೇಡಂ, ತಟಕು ಆ ಕಡೆ ಸರಿಸ್ರಿ, ಯಾರು ನೋಡಾಕ ಬರ್ತಾರ ಎಂದಳು. ಸುಳ್ಳೇಕೆ ಹೇಳಲಿ, ನನಗೂ ಆಸೆಯಾಯಿತು. ನೀವು ಅಳೆದಾಗ ಬಡವಾದ ಗುಡ್ಡವನ್ನು ನಾವು ಅಳೆದಾಗ ಶ್ರೀಮಂತ ಮಾಡಿಬಿಟ್ಟರೆ ಸರಿಹೋಯಿತಲ್ಲ ಎಂದು ಮನಸ್ಸು ಹೇಳಿತು. ಒವೈಸ್ ನನ್ನನ್ನೇ ನೋಡುತ್ತಿದ್ದ. ಆ ಎರಡು ಬಂಡೆಗಳ ಮುಂದೆ ಸೊನ್ನೆ ಬರೆದೆವು.

ಸೊನ್ನೆಗಳನ್ನೂ ಸೇರಿಸಿ ಇಪ್ಪತ್ತು ವೃತ್ತಗಳಲ್ಲಿ ಏಳುನೂರ ನಲವತ್ತೆರಡು ಮರ. ನಿಮ್ಮ ಮೂರು ವೃತ್ತಗಳ ಪ್ರಕಾರ ಹೆಕ್ಟೇರಿಗೆ ನೂರಾ ಮೂರು ಮರ, ನಮ್ಮ ಇಪ್ಪತ್ತರ ಪ್ರಕಾರ ಮುನ್ನೂರ ಎಪ್ಪತ್ತೊಂದು. ನಿಮ್ಮ ಮರಗಳ ಸರಾಸರಿ ಸುತ್ತಳತೆ ನಲವತ್ತೆರಡು ಸೆಂಟಿಮೀಟರ್, ನಮ್ಮವು ಎಪ್ಪತ್ತೊಂದು. ನಿಮ್ಮದೇ ಸೂತ್ರಕ್ಕೆ ಹಾಕಿದರೆ ಗುಡ್ಡದಲ್ಲಿ ಈಗಾಗಲೇ ಕೂತಿರುವ ಇಂಗಾಲ ನಿಮ್ಮ ವರದಿಯಲ್ಲಿರುವುದಕ್ಕಿಂತ ಹನ್ನೆರಡು ಪಟ್ಟು. ನಮ್ಮ ಅಂದಾಜು ನೂರಕ್ಕೆ ಇಪ್ಪತ್ತರಷ್ಟು ಆಚೀಚೆ ಇರಬಹುದು, ಅದನ್ನೂ ಬರೆದಿಟ್ಟಿದ್ದೇವೆ. ನಿಮ್ಮ ವರದಿಯಲ್ಲಿ ‘ಅಂದಾಜಿನ ದೋಷ’ ಎಂಬ ಕಾಲಂ ಇದೆ, ಅದರಲ್ಲಿ ಒಂದು ಸಣ್ಣ ಗೆರೆ ಎಳೆದಿದ್ದೀರಿ. ಆ ಗೆರೆಯ ಅರ್ಥ ದೋಷವಿಲ್ಲ ಎಂದೋ, ನೋಡಿಲ್ಲ ಎಂದೋ?

ಇನ್ನೂ ಒಂದು ಕೇಳುತ್ತೇನೆ. ನೀಲಗಿರಿ ಬೇಗ ಬೆಳೆಯುತ್ತದೆ, ಬೇಗ ಇಂಗಾಲ ಎಳೆಯುತ್ತದೆ ಎಂದು ವರದಿಯಲ್ಲಿ ಹತ್ತು ವರ್ಷದ ಏರುಗೆರೆ ಬರೆದಿದ್ದೀರಿ. ಆ ಗೆರೆ ಸೊನ್ನೆಯಿಂದ ಶುರುವಾಗುತ್ತದೆ. ಯಾಕೆ ಸ್ವಾಮಿ ಸೊನ್ನೆಯಿಂದ? ಅದನ್ನು ನೆಡುವ ಮೊದಲು ನೀವು ಉರುಳಿಸುವ ಮರಗಳು, ಅಗೆದು ಎತ್ತುವ ಬೇರುಗಳು, ಮಗುಚುವ ಮಣ್ಣು, ಇವುಗಳಿಂದ ಗಾಳಿಗೆ ಹೋಗುವ ಇಂಗಾಲವನ್ನು ಯಾರ ತಲೆಗೆ ಕಟ್ಟುತ್ತೀರಿ? ಗೆರೆಯನ್ನು ಸೊನ್ನೆಯ ಬಹಳ ಕೆಳಗಿನಿಂದ ಎಳೆಯಬೇಕು. ಹಾಗೆ ಎಳೆದರೆ ಅದು ಮತ್ತೆ ಸೊನ್ನೆಗೆ ಬರುವಷ್ಟರಲ್ಲಿ ನೀವೂ ನಿವೃತ್ತರಾಗಿರುತ್ತೀರಿ.

ನಮ್ಮ ಅಳತೆಯನ್ನು ಸೆಪ್ಟೆಂಬರಿನಲ್ಲಿ ನಿಮಗೆ ಕಳಿಸಿದೆವು. ‘ಅನಧಿಕೃತ ವ್ಯಕ್ತಿಗಳು ಸಂಗ್ರಹಿಸಿದ ದತ್ತಾಂಶವನ್ನು ಪರಿಗಣಿಸಲು ಅವಕಾಶವಿರುವುದಿಲ್ಲ’ ಎಂದು ಉತ್ತರ ಬಂತು. ಆಗಲಿ. ನಮ್ಮದನ್ನು ಪರಿಗಣಿಸಬೇಡಿ. ನಿಮ್ಮದನ್ನೇ ಪರಿಗಣಿಸಿ. ನಾಲೆಯ ಆಚೆಗಿನ ನಿಮ್ಮ ಮೊದಲಿನ ಆ ಮೂರು ಚುಕ್ಕೆಗಳನ್ನು ನಾವು ಬೇಕೆಂದೇ ಮುಟ್ಟಿಲ್ಲ. ಅವು ನಿಮ್ಮ ಕಂಪ್ಯೂಟರ್ ಆರಿಸಿದವು, ಅಧಿಕೃತವಾದವು, ನಿಮಗಾಗಿ ಕಾದಿವೆ. ನೀವೇ ಬನ್ನಿ. ಎಲೆ ಇರುವ ಕಾಲದ ಚಿತ್ರವೂ ಜೊತೆಗಿರಲಿ. ಒವೈಸನ ಗುತ್ತಿಗೆ ರದ್ದು ಮಾಡಿದ ಆದೇಶವನ್ನು ವಾಪಸು ಪಡೆದು ಅವನ ಕೈಗೇ ಟೇಪು ಕೊಡಿ. ಅಲ್ಲಿಯವರೆಗೆ ಜನವರಿಯ ನೋಟೀಸನ್ನು ತಡೆಹಿಡಿಯಿರಿ. ನಮ್ಮ ಬೇಡಿಕೆ ಇಷ್ಟೇ, ಇದರಲ್ಲಿ ಒಂದು ಗುಂಜಿಯೂ ಕಡಿಮೆಯಾಗುವುದಿಲ್ಲ.

ಇದಕ್ಕೂ ನಿಮ್ಮಲ್ಲಿ ನಿಯಮವಿಲ್ಲವೆನ್ನುತ್ತೀರಿ, ಗೊತ್ತು. ಅದಕ್ಕಾಗಿ ಹೋದ ಸೋಮವಾರ ನಾನು ಬಸವಕಲ್ಯಾಣದಲ್ಲಿ ನೋಟರಿಯ ಮುಂದೆ ಪ್ರಮಾಣಪತ್ರ ಮಾಡಿಸಿದ್ದೇನೆ. ಸರ್ಕಾರಿ ಸಮೀಕ್ಷೆಯ ತಂಡಕ್ಕೆ ಸುಳ್ಳು ಮಾಹಿತಿ ಕೊಟ್ಟು, ದಾರಿ ತಪ್ಪಿಸಿ, ಅಳತೆ ಕೆಡಿಸಿದವಳು ನಾನೇ ಎಂದು ಅದರಲ್ಲಿ ಸಹಿ ಮಾಡಿದ್ದೇನೆ. ಬಕ್ಕಪ್ಪ ಭಾವ ತಮ್ಮ ಹೆಬ್ಬೆಟ್ಟನ್ನೂ ಒತ್ತಿದ್ದಾರೆ. ಪ್ರತಿಯನ್ನು ಈ ಪತ್ರದ ಜೊತೆ ಲಗತ್ತಿಸಿದೆ. ಇದು ಅಪರಾಧ ತಾನೇ? ನನ್ನ ಮೇಲೆ ಕೇಸು ಹಾಕಿ. ಬೇಡಿಕೊಳ್ಳುತ್ತಿಲ್ಲ, ಒತ್ತಾಯಿಸುತ್ತಿದ್ದೇನೆ. ಹಾಕಿದ ಮೇಲೆ ನಾನು ಸುಳ್ಳು ಹೇಳಿದ್ದನ್ನು ನ್ಯಾಯಾಲಯದಲ್ಲಿ ನೀವು ಸಾಬೀತು ಮಾಡಬೇಕಾಗುತ್ತದೆ. ಸಾಬೀತು ಮಾಡಲು ನಿಮ್ಮ ಅಧಿಕಾರಿಗಳು ಪಂಚರನ್ನು ಕರೆದುಕೊಂಡು ನಾಲೆ ದಾಟಬೇಕು, ಆ ಮೂರು ಚುಕ್ಕೆಗಳಲ್ಲಿ ನಿಲ್ಲಬೇಕು, ಅಲ್ಲಿ ಏನೇನಿದೆ ಎಂದು ಒಂದೊಂದಾಗಿ ಬರೆದುಕೊಳ್ಳಬೇಕು. ಮರ ಇದ್ದವೆಂದು ಬರೆದರೆ ನಾನು ಜೈಲಿಗೆ ಹೋಗುತ್ತೇನೆ, ಗುಡ್ಡ ಉಳಿಯುತ್ತದೆ. ಮರ ಇರಲಿಲ್ಲವೆಂದು ಬರೆಯುವ ಧೈರ್ಯವಿದ್ದರೆ ಇಪ್ಪೆಯ ಬೊಡ್ಡೆಗೆ ಕೈಯಿಟ್ಟು ಬರೆಯಲಿ. ಅಲ್ಲಿಗೆ ದಾರಿ ತೋರಿಸಲು ಆರೋಪಿಯೇ ಮುಂದೆ ನಡೆಯುತ್ತಾಳೆ.

ಇಂತಿ,
ಮೂವತ್ತು ವರ್ಷ ಮಕ್ಕಳಿಗೆ ಲೆಕ್ಕ ಕಲಿಸಿ, ನಿವೃತ್ತಿಯಾದ ಮೇಲೆ ಲೆಕ್ಕ ಕೆಡಿಸಿದ
ಜಗದೇವಿ
ಕೊಹಿನೂರ, ಬಸವಕಲ್ಯಾಣ ತಾಲ್ಲೂಕು
(ಸಮನ್ಸ್ ಕಳಿಸಲು ಇಷ್ಟು ವಿಳಾಸ ಸಾಕು. ಅಂಚೆಯವರಿಗೆ ನನ್ನ ಮನೆ ಗೊತ್ತು.)